ಅಂಗಳಕ್ಕೆ ಬಂದ ಹೊಲ

ಮಗಳಿಗೆ ಜ್ವರದ ಔಷಧಿ ತರಲು ಬೆಳಿಗ್ಗೆ ಹೊರಬಿದ್ದರೆ ಉದಗೀರದ ಪೇಟೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಿರಾಣಿ, ಬಟ್ಟೆಯಂಗಡಿ, ಚಹಾದ ಹೋಟೆಲು, ಎಲ್ಲದರ ಬಾಗಿಲೂ ಮುಚ್ಚಿತ್ತು. ಗಲಭೆಯೇನಾದರೂ ಆಯಿತೇ ಎಂದು ಹೆದರಿದೆ. ಚೌಕದಲ್ಲಿ ಒಬ್ಬನೇ ನಿಂತಿದ್ದ ಪೊಲೀಸಪ್ಪ ಆಕಳಿಸುತ್ತ ಮರಾಠಿಯಲ್ಲಿ, "ಸಗಳೇ ಶೇತಾತ ಗೇಲೇ," ಎಂದ. ಊರಿಗೆ ಊರೇ ಹೊಲಕ್ಕೆ ಹೋಗಿದೆಯಂತೆ! ಇವತ್ತು ಎಳ್ಳಮಾವಾಸ್ಯೆ, ಇಲ್ಲಿಯವರ ಬಾಯಲ್ಲಿ 'ಯೆಳವಸ'. ನಮ್ಮ ದಾವಣಗೆರೆ ಕಡೆಯೂ ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲುತ್ತಾರೆ, ನಿಜ. ಆದರೆ ಅದಕ್ಕೆಂದು ಪೇಟೆಗೆ ಬೀಗ ಹಾಕಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಆಸ್ಪತ್ರೆಯ ಬಾಗಿಲಲ್ಲೇ ಇದ್ದ ಅಂಗಡಿಯಲ್ಲಿ ಔಷಧಿ ಸಿಕ್ಕಿತು.

ನಾನು ಇಲ್ಲಿಯ ಬೇಳೆ ಮಿಲ್ಲಿನಲ್ಲಿ ಯಂತ್ರ ರಿಪೇರಿಯವನು. ಮಳೆಗಾಲದಲ್ಲಿ ಬಂದೆವು: ನಾನು, ಹೆಂಡತಿ ಲತಾ, ಏಳು ವರ್ಷದ ನಂದಿನಿ. ಮಿಲ್ಲಿನ ಧೂಳು, ಮರಾಠಿ, ನೀರಿನ ಪಾಳಿ, ಇವಕ್ಕೆಲ್ಲ ಒಗ್ಗಿಕೊಳ್ಳುವುದರಲ್ಲೇ ಹೈರಾಣಾಗಿದ್ದೇವೆ. ಮಗಳು ಮಾತ್ರ ಒಗ್ಗಲಿಲ್ಲ. ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ. ಮನೆಗೆ ಬಂದರೆ "ಅಜ್ಜಿ ಹತ್ರ ಕಳಿಸಿ" ಎಂಬ ಒಂದೇ ಹಟ. ಸಂಕ್ರಾಂತಿಗೆ ಕರೆದೊಯ್ದು ಅಲ್ಲೇ ಬಿಟ್ಟು ಬರುವುದೆಂದು ತೀರ್ಮಾನಿಸಿದ್ದೆವು. ಆ ಮಾತಾಡಿದ ದಿನ ಲತಾ ಊಟ ಮಾಡಲಿಲ್ಲ.

ಮನೆ ಮಾಲಕಿ ಕಲಾವತಿ ಕಾಕೂ ತಮ್ಮ ಹೊಲಕ್ಕೆ ನಮ್ಮನ್ನೂ ಕರೆದಿದ್ದರು, ಆದರೆ ಊರಿಗೆ ಊರೇ ಹೋಗುತ್ತದೆಂದು ನನಗೆ ಹೊಳೆದಿರಲಿಲ್ಲ. ಕಾಕೂ ಎಂದರೆ ಇಲ್ಲಿ ಚಿಕ್ಕಮ್ಮ; ಗಡಿಯ ಊರಾದ್ದರಿಂದ ಅವರಿಗೆ ಕನ್ನಡವೂ ಬರುತ್ತದೆ. ಜ್ವರವೆಂದು ಒಲ್ಲೆವೆಂದೆವು, ನನಗಂತೂ ರಜೆಯ ಒಂದು ದಿನ ಕಾಲು ಚಾಚಿ ಮಲಗಿದರೆ ಸಾಕಾಗಿತ್ತು. ಟ್ರ್ಯಾಕ್ಟರ್ ಹತ್ತುವ ಮೊದಲು ಅವರು ಮಣ್ಣಿನ ಗಡಿಗೆಯಲ್ಲಿ ಅಂಬಲಿ ಇಟ್ಟು ಹೋಗಿದ್ದರು. ನಮ್ಮಲ್ಲಿ ಅಂಬಲಿಯೆಂದರೆ ರಾಗಿಯದು, ಬಿಸಿಬಿಸಿ ಕುಡಿಯುವಂಥದು. ಜ್ವರದ ಮಗುವಿಗೆ ತಣ್ಣಗಿನದು ಬೇಡವೆಂದು ಒಲೆಯ ಮೇಲಿಟ್ಟೆ. ಇದೋ ಮಜ್ಜಿಗೆಗೆ ಜೋಳದ ಹಿಟ್ಟು ಕೂಡಿಸಿ ಹುಳಿ ಬರಿಸಿದ್ದು. ಕುದಿ ಬರುತ್ತಲೇ ಒಡೆದು ನೀರೇ ಬೇರೆ, ಗಸಿಯೇ ಬೇರೆ ಆಯಿತು. ಲತಾ ಹಣೆ ಚಚ್ಚಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. ಅಷ್ಟರಲ್ಲಿ ಕಾಕೂ ತಲೆಯ ಮೇಲೊಂದು ಬುಟ್ಟಿ ಹೊತ್ತು ಬಂದೇಬಿಟ್ಟರು. ಹಿಂದೆ ಅವರ ಮಗ, ಹೆಗಲ ಮೇಲೆ ಜೋಳದ ದಂಟಿನ, ಅಂದರೆ ಕಣಿಕೆಯ, ಹೊರೆ.

"ಪೋರಿ ಹೊಲಕ್ಕ ಬರಲಿಲ್ಲಂದ್ರ ಏನಾತು? ಹೊಲಾನೇ ಪೋರಿ ಕಡಿಗಿ ಬಂದದ ನೋಡ್ರಿ!"

ಒಡೆದ ಅಂಬಲಿ ಕಂಡವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ ನನ್ನಪ್ಪಾ! ಯೆಳವಸ ಅಂಬ್ಲಿ ಯಾರರ ಕಾಸ್ತಾರೇನ್ರೀ? ಮಿಷಿನ್ ರಿಪೇರಿ ಮಾಡ್ತೀರಲ್ಲ, ಈಗ ಇದನ್ನ ಮಾಡ್ರಿ ನೋಡಮು!"

ಹಾಸಿಗೆಯಲ್ಲಿದ್ದ ನಂದಿನಿ ಕಿಸಕ್ಕೆಂದಳು. ಆ ನಗೆ ಕೇಳಿ ಎಷ್ಟು ತಿಂಗಳಾಗಿತ್ತೋ.

ಅಂಗಳದಲ್ಲಿ ಕಣಿಕೆ ನಿಲ್ಲಿಸಿ ಪುಟ್ಟ ಗುಡಿಸಲು ಕಟ್ಟಿದರು. ಒಳಗೆ ಸುಣ್ಣ ಬಳಿದ ಐದು ಕಲ್ಲು, ಅವರೇ ಪಾಂಡವರು. ಪೂಜೆಯಾದ ಮೇಲೆ ಕೂಗುತ್ತ ಪೈರಿನ ಸುತ್ತ ಅಂಬಲಿ ಚೆಲ್ಲುವುದು ಪದ್ಧತಿ.

"ಇಲ್ಲಿ ಪೈರೆಲ್ಲಿದೆ, ಕಾಕೂ?" ಮಗಳು ಕೇಳಿದಳು.

"ನೀನೇ ಪೈರ. ನಡುವ ಕೂಡು. ಕಾಸಿದ ಅಂಬ್ಲಿ ಅಂತ ಭೂಮಿತಾಯಿ ಬ್ಯಾಡ ಅನ್ನಂಗಿಲ್ಲ."

ನಂದಿನಿಯನ್ನು ನಡುವೆ ಕೂರಿಸಿ, ನನ್ನ ಒಡೆದ ಅಂಬಲಿಯನ್ನೇ ಚೆಲ್ಲುತ್ತ ಎಲ್ಲರೂ ಸುತ್ತಿದೆವು. ಆಮೇಲೆ ಸಜ್ಜೆ ರೊಟ್ಟಿ, ಹಸಿ ತೊಗರಿ, ಕಡಲೆ, ಸೊಪ್ಪು ಬೆರೆಸಿದ ಪಲ್ಯ. ಮಗಳು ಎರಡನೇ ಸಲ ತಟ್ಟೆ ಒಡ್ಡಿದಳು.

ಸಂಜೆ ಊರಲ್ಲಿರುವ ನನ್ನ ಅಮ್ಮನಿಗೆ ಫೋನು ಮಾಡಿ ಮಗಳ ಕೈಗೆ ಕೊಟ್ಟೆ. "ಅಜ್ಜಿ, ನಾನು ಬರಲ್ಲ. ನೀನೇ ಇಲ್ಲಿಗೆ ಬಾ. ನಿನ್ನ ಸುತ್ತಲೂ ಅಂಬಲಿ ಚೆಲ್ತೀವಿ!"

ಅತ್ತ ಅಮ್ಮ ನಕ್ಕಳು. ಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಸಂತೋಷವಾಯಿತು, ಸುಳ್ಳಲ್ಲ. ಆದರೆ ಇಷ್ಟು ದಿನ ಊರಿನ ಮಾತೆತ್ತಲು ಮಗಳ ಹಟದ ನೆಪವಿತ್ತು. ಇನ್ನು ನನಗೇ ಊರು ನೆನಪಾದರೆ ಯಾರ ಹೆಸರು ಹೇಳಲಿ?