ನಾದಿನಿಯ ಅಂಗೈ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳಿಗೆ ಪೊಲೀಸಮ್ಮ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ರೋಗಾಣುಗಳ ಗುರುತು ಹಚ್ಚುವುದು ಅವಳ ಕೆಲಸ. ಯಾವುದನ್ನೂ ಮೊದಲ ನೋಟಕ್ಕೆ ನಂಬದಿರುವುದು ಅವಳ ಸ್ವಭಾವ. ಗಂಡ ಬೀಗ ಹಾಕಿದ ಮೇಲೂ ಬಾಗಿಲನ್ನು ತಾನೇ ಎಳೆದು ನೋಡುವಳು. ಎಳೆದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಕುಳಿತು ತನ್ನನ್ನೇ ಶಂಕಿಸುವಳು.

ಆಗಷ್ಟೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಮೂರು ಕೂಸುಗಳಿಗೆ ಜ್ವರ ಬಂದಿತು. ಮೂರರ ರಕ್ತದಲ್ಲೂ ಒಂದೇ ಜಾತಿಯ ಬ್ಯಾಕ್ಟೀರಿಯಾ. ನರ್ಸುಗಳೆಲ್ಲರ ಅಂಗೈಯನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಪರೀಕ್ಷಿಸಿದಾಗ ಒಬ್ಬಳ ಕೈಯಲ್ಲಿ ಮಾತ್ರ ಅದೇ ಜಾತಿ ಸಿಕ್ಕಿತು. ಅವಳು ಪೊಲೀಸಮ್ಮನ ಗಂಡನ ತಂಗಿ. ವಾರ್ಡಿನ ಮುಖ್ಯಸ್ಥೆ ಅವಳನ್ನು ಮನೆಗೆ ಕಳಿಸಿದರು. ಕೊನೆಯ ವರದಿಯೂ ಹಾಗೆಯೇ ಬಂದರೆ ಕೆಲಸ ಹೋದಂತೆಯೇ.

"ಅತ್ತಿಗೆ, ನಿಮಗೂ ನನ್ನ ಮೇಲೇ ಅನುಮಾನಾನಾ?"

"ನಿಮ್ಮಣ್ಣನನ್ನೇ ನಂಬದವಳು ನಾನು. ನಿನ್ನದೇನು ವಿಶೇಷ?"

ಬ್ಯಾಕ್ಟೀರಿಯಾ ಯಾವ ಸಕ್ಕರೆಯನ್ನು ಹುಳಿಯಾಗಿಸಿತು, ಯಾವ ಟ್ಯೂಬಿನ ಬಣ್ಣ ತಿರುಗಿಸಿತು ಎಂಬ ಪರೀಕ್ಷೆಗಳು ಅದರ ಜಾತಿಯನ್ನಷ್ಟೇ ಹೇಳುತ್ತವೆ. ಜಾತಿ ಒಂದಾದರೂ ವಂಶ ಬೇರೆ ಇರಬಹುದು. ಆ ಆಸೆಯಿಂದಲೇ ಅವಳು ಡಿಎನ್‌ಎ ಬೇರ್ಪಡಿಸಿ, ತುಂಡರಿಸಿ, ವಂಶದ ಗುರುತು ಹೇಳುವ ಗೆರೆಗಳ ವಿನ್ಯಾಸ ಮೂಡಿಸಿದಳು. ಮೂರು ಕೂಸುಗಳದ್ದೂ ನಾದಿನಿಯದ್ದೂ ಒಂದೇ ವಿನ್ಯಾಸ.

"ಮುಗೀತಲ್ಲ ಪೊಲೀಸಮ್ಮ, ಕಳ್ಳಿ ಸಿಕ್ಕಿಬಿದ್ದಳು," ಎಂದ ಪಕ್ಕದ ಮೇಜಿನವನು.

"ಕೈ ಸಿಕ್ತು. ಆ ಕೈಗೆ ಎಲ್ಲಿಂದ ಬಂತು?"

ಯಾರಿಂದ ಯಾರಿಗೆ ಹೋಯಿತೆಂಬುದನ್ನು ಗೆರೆಗಳು ಹೇಳುವುದಿಲ್ಲ. ಸಂಜೆ ನಾದಿನಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು: "ವಾರ್ಡಲ್ಲಿ ಏನೇನು ಮುಟ್ತೀಯ?"

"ಎಲ್ಲರೂ ಮುಟ್ಟೋದನ್ನೇ. ಆದರೆ ಪ್ರತಿ ಮಗು ಎತ್ಕೊಳ್ಳೋ ಮುಂಚೆ ಸೋಪು ಹಾಕಿ ತೊಳೀತೀನಿ. ಕೈ ಸವೆದುಹೋಗುತ್ತೆ ಕಣೇ ಅಂತ ಮಿಕ್ಕವರು ನಗ್ತಾರೆ."

ಅವಳ ಅಂಗೈ ನಿಜಕ್ಕೂ ಒರಟಾಗಿತ್ತು.

ಮರುದಿನ ಪೊಲೀಸಮ್ಮ ವಾರ್ಡಿನ ಸಿಂಕಿನ ಮೇಲಿದ್ದ ದ್ರವ ಸೋಪಿನ ಬಾಟಲಿಯನ್ನು ಬಿಚ್ಚಿಸಿದಳು. ತಳದಲ್ಲಿ ಲೋಳೆ ಕಟ್ಟಿತ್ತು. ತೊಳೆಯದೆ ಹಳೆಯದರ ಮೇಲೆಯೇ ಹೊಸ ಸೋಪು ಸುರಿಯುತ್ತಿದ್ದರು.

"ನಾದಿನೀನ ಉಳಿಸೋಕೆ ಸೋಪಿನ ಮೇಲೆ ಕೇಸ್ ಹಾಕ್ತೀರೇನ್ರಿ?" ಮುಖ್ಯಸ್ಥೆ ಕುಟುಕಿದರು.

"ಇದರಲ್ಲಿ ಸಿಗಲಿಲ್ಲ ಅಂದ್ರೆ ಅವಳ ವಿರುದ್ಧದ ವರದಿಗೆ ನಾನೇ ಸಹಿ ಹಾಕ್ತೀನಿ ಮೇಡಂ."

ಸೋಪಿನಲ್ಲಿ ಅದೇ ಜಾತಿ ಬೆಳೆಯಿತು. ಗೆರೆಗಳ ವಿನ್ಯಾಸವೂ ಅದೇ. ಮುಖ್ಯಸ್ಥೆ ವರದಿಯನ್ನು ಎರಡು ಸಲ ಓದಿದರು. "ಹಾಗಾದ್ರೆ ಇದೇ ಸೋಪಲ್ಲಿ ತೊಳೆಯಬೇಕಾದ ಉಳಿದವರ ಕೈ ಯಾಕೆ ಇಷ್ಟು ಚೊಕ್ಕಟ?" ಎಂದು ತಲೆ ಎತ್ತಿದಾಗ, ಬಾಗಿಲಲ್ಲಿ ಇಣುಕುತ್ತಿದ್ದ ನರ್ಸುಗಳು ಮೆಲ್ಲಗೆ ಜಾರಿಕೊಂಡರು.

ನಾದಿನಿ ಕೆಲಸಕ್ಕೆ ಮರಳಿದಳು. ಕೂಸುಗಳ ಜ್ವರ ಇಳಿದಿತ್ತು. ಆದರೂ ಅವಳು ಸಿಂಕಿನ ಮುಂದೆ ನಿಂತೇ ಇದ್ದಳು.

"ಅವಕ್ಕೆ ಕೊಟ್ಟಿದ್ದು ನನ್ನ ಕೈಯೇ ಅಲ್ವಾ ಅತ್ತಿಗೆ?"

"ಇರಬೇಕು," ಎಂದಳು ಪೊಲೀಸಮ್ಮ, ಸುಳ್ಳಾಡದೆ. "ಹೊಸ ಬಾಟಲಿ ಇಡ್ಸಿದೀನಿ. ತೊಳ್ಕೋ."

ನಾದಿನಿ ಕೈ ಚಾಚಲಿಲ್ಲ. "ಇದನ್ನ ಪರೀಕ್ಷೆ ಮಾಡಿದೀರಾ?"