ಅವ್ವಿ ಟ್ಯೂಬು ಬಿಟ್ಟ ಮಳೆಗಾಲ

ಬಂಗಡೆ ಮೀನು ನಂಜು ಎಂದು ನಮ್ಮೂರು ಬಾಡದಲ್ಲಿ ಎಲ್ಲರಿಗೂ ಗೊತ್ತು. ಗಾಯವಾಗಲಿ, ತುರಿಕೆಯಾಗಲಿ, ಮೊದಲು ತಟ್ಟೆಯಿಂದ ಎದ್ದು ಹೋಗಬೇಕಾದದ್ದು ಬಂಗಡೆಯೇ. ಹಾಗಾಗಿ ಎಂಬತ್ತರ ದಶಕದ ಆರಂಭದಲ್ಲಿ ನನ್ನ ತಾಯಿ ಅವ್ವಿಯ ಮುಖ ಕೆಂಪೇರಿ ಉರಿಯತೊಡಗಿದಾಗ, ದಿನವೂ ಕುಮಟೆ ಪೇಟೆಯಲ್ಲಿ ಮೀನು ಮಾರುವ ಆಕೆ ಬಂಗಡೆ ತಿನ್ನುವುದನ್ನು ಬಿಟ್ಟಳು. ಉರಿ ಹೋಗಲಿಲ್ಲ. ಸಿಗಡಿ ಬಿಟ್ಟಳು. ಆಗಲೂ ಹೋಗಲಿಲ್ಲ. ಕೊನೆಗೆ ಬರೀ ಗಂಜಿ, ಉಪ್ಪಿನಕಾಯಿ. ಮೀನುಗಾರರ ಮನೆಯಲ್ಲಿ ಇದಕ್ಕಿಂತ ದೊಡ್ಡ ವನವಾಸ ಉಂಟೇ? ಅವ್ವಿ ಬಿಡದೆ ಉಳಿಸಿಕೊಂಡದ್ದು ಒಂದೇ, ಮುಲಾಮಿನ ಟ್ಯೂಬು.

ಅದು ಭಟ್ಕಳದಿಂದ ಬಂದದ್ದು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಚಿಕ್ಕಮ್ಮನಿಗೆ, ದುಬೈಯಿಂದ ಬಂದ ನೆರೆಮನೆಯವರು ಕೊಟ್ಟಿದ್ದರು. ಉಪ್ಪುನೀರಲ್ಲಿ, ಮಂಜುಗಡ್ಡೆಯಲ್ಲಿ ಕೈಯಾಡಿಸಿ ಅವ್ವಿಯ ಬೆರಳ ಸಂದುಗಳು ಬಿರಿದು ತುರಿಸುತ್ತಿದ್ದವು. ಹಚ್ಚಿದ ಮಾರನೇ ದಿನ ತುರಿಕೆ ಮಾಯ! ಕೈಗೆ ಹಚ್ಚಿ ಉಳಿದದ್ದನ್ನು ದಂಡ ಮಾಡುವುದೇಕೆಂದು ಕೆನ್ನೆಗೆ ಒರೆಸಿಕೊಳ್ಳುತ್ತಿದ್ದಳು. ಕೆನ್ನೆ ಬೆಳ್ಳಗಾಯಿತು. “ಎಂತದೇ, ಮುದುಕಿ ಆಗೋ ಹೊತ್ತಿಗೆ ಮದುಮಗಳಾಗ್ತಾ ಇದ್ಯಲ್ಲೇ!” ಎಂದು ಪೇಟೆಯ ಹೆಂಗಸರು ಕಿಚಾಯಿಸಿದರು. ಅವ್ವಿಗೆ ಅದು ಹಿತವಾಗಿತ್ತು. ಯಾರಿಗೆ ಆಗುವುದಿಲ್ಲ ಹೇಳಿ? ಟ್ಯೂಬು ಮುಗಿದಾಗ ಅಂಥದ್ದೇ ಕುಮಟೆಯಲ್ಲೂ ಸಿಕ್ಕಿತು. ಡಾಕ್ಟರ ಚೀಟಿ ಕೇಳುವವರು ಯಾರೂ ಇರಲಿಲ್ಲ. ವರ್ಷಗಳೇ ಹೀಗೆ ಹೋದವು. ಹಚ್ಚದಿದ್ದರೆ ಉರಿ, ಹಚ್ಚಿದರೆ ತಂಪು. ಉರಿಸುವುದು ಬಂಗಡೆ, ಕಾಯುವುದು ಟ್ಯೂಬು ಎಂದೇ ನಾವೆಲ್ಲ ನಂಬಿದ್ದೆವು.

ಅವಳು ಗಂಜಿಗಿಳಿದ ಆ ವರ್ಷ, ಮಳೆಗಾಲ ಹಿಡಿಯುವ ಮೊದಲು ಅವ್ವಿಯನ್ನು ಹೊನ್ನಾವರದ ಡಾಕ್ಟರರ ಬಳಿ ಎಳೆದುಕೊಂಡೇ ಹೋದೆ. ಅವರು ಟ್ಯೂಬನ್ನು ತಿರುಗಿಸಿ ನೋಡಿ, “ಮೀನು ತಿನ್ನಿ, ಇದನ್ನು ಬಿಡಿ,” ಎಂದರು. “ಚರ್ಮ ಈ ಸ್ಟೀರಾಯ್ಡ್ ಮುಲಾಮಿಗೆ ಒಗ್ಗಿಹೋಗಿದೆ, ಬಿಟ್ಟ ಮೇಲೆ ಉರಿ ಇನ್ನೂ ಜೋರಾಗ್ತದೆ. ತಿಂಗಳುಗಟ್ಟಲೆ ಇರಬಹುದು. ಹೆದರಿ ಮತ್ತೆ ಹಚ್ಚಿದರೆ ಮೊದಲಿಂದ ಶುರು.”

ಜೋರು ಎಂದರೆ ಇಷ್ಟು ಎಂದುಕೊಂಡಿರಲಿಲ್ಲ. ಮುಖ ಬಾತು ಕಣ್ಣು ಮುಚ್ಚಿಹೋದವು. ಕೆನ್ನೆಯಿಂದ ನೀರು ಒಸರುತ್ತಿತ್ತು, ಒಣಗಿದಲ್ಲಿ ಹೊಟ್ಟು ಉದುರುತ್ತಿತ್ತು. ಕೈ ಮೊಣಕೈವರೆಗೆ ಕೆಂಪು. ತೆಂಗಿನೆಣ್ಣೆ ಸೋಕಿದರೂ ಬೆಂಕಿ. ನೆರೆಯವರು ನಾಗದೋಷ ಅಂದರು, ದೊಡ್ಡ ರೋಗ, ಕುಷ್ಠವೇ ಅಂದರು. ಬಾಯಿಗೆ ಬಂದದ್ದೆಲ್ಲ ಅಂದರು. ನನಗೆ ಡಾಕ್ಟರರ ಮೇಲೇ ಕೆಟ್ಟ ಸಿಟ್ಟು ಬಂದಿತ್ತು. ಅವ್ವಿ ಮಾತ್ರ ಹಲ್ಲು ಕಚ್ಚಿಕೊಂಡಿದ್ದಳು. ಮಳೆಗಾಲದಲ್ಲಿ ಹೇಗೂ ದೋಣಿ ಇಳಿಯುವುದಿಲ್ಲ, ಪೇಟೆಗೆ ಹೋಗಿ ಮುಖ ತೋರಿಸುವ ಕೆಲಸವಿಲ್ಲ.

ಮಳೆ ತಗ್ಗಿ ದೋಣಿಗಳು ಕಡಲಿಗಿಳಿದಾಗ ಬಾವು ಇಳಿದಿತ್ತು, ಕೆಂಪು ಹಾಗೇ ಇತ್ತು. ಅವ್ವಿ ಬುಟ್ಟಿ ಹೊತ್ತಳು. ಗಿರಾಕಿಗಳು ಅವಳ ಕೈ ನೋಡಿ ಪಕ್ಕದ ಬುಟ್ಟಿಗೆ ಹೋದರು. ಒಬ್ಬಿಬ್ಬರು ‘ಅಯ್ಯೋ ಪಾಪ’ ಎಂದು, ರೇಟನ್ನೂ ಕೇಳದೆ ದುಡ್ಡು ಇಟ್ಟು, ಮೀನು ಅಲ್ಲೇ ಬಿಟ್ಟು ನಡೆದರು. ಮೀನೆಲ್ಲ ಮನೆಗೇ ವಾಪಸು ಬಂತು.

“ನಾಳೆ ಒಂದು ದಿನ ಹಚ್ಕಂತೆ. ಒಂದೇ ದಿನ,” ಎಂದಳು ಅವ್ವಿ.

“ಇಷ್ಟು ದಿನ ಅನುಭವಿಸಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳ್ದಂಗೆ ಮಾಡ್ತ್ಯಾ?” ಎಂದು ರೇಗಿದೆ.

“ನಿಂಗೆಂತ ಗೊತ್ತು? ನನ್ ಕೈ ಮೀನು ಯಾರಿಗೂ ಬೇಡ ಅಂದ್ರೆ ನಾ ಎಂತಕ್ಕೆ ಬದ್ಕಬೇಕು?”

ಆದರೂ ಅವಳು ಹಚ್ಚಲಿಲ್ಲ. ಚರ್ಮ ತಹಬಂದಿಗೆ ಬರಲು ಮುಂದಿನ ಬೇಸಿಗೆಯೇ ಆಗಬೇಕಾಯಿತು.

ಆ ಮಾತಾದ ಮಾರನೇ ದಿನ ನಾನೂ ಪೇಟೆಗೆ ಜೊತೆಗೆ ಹೋದೆ. ತುಂಬಾ ಹೊತ್ತು ಯಾರೂ ನಿಲ್ಲಲಿಲ್ಲ. ಆಮೇಲೆ ಹಳೇ ಗಿರಾಕಿಯೊಬ್ಬಳು ಬಂದಳು, ಪೇಟೆಯಲ್ಲೇ ಜಗಳಗಂಟಿ ಎಂದು ಹೆಸರಾದ ಕೊಂಕಣಿ ಮುದುಕಿ. ಬಂಗಡೆಯ ಕಿವಿರು ಎತ್ತಿ ನೋಡಿ, ಮುಖ ಸಿಂಡರಿಸಿ, “ಇದೆಂತ ಬಂಗಡೆಯೋ ಬೆರಳೋ? ಇದಕ್ಕೆ ಇಷ್ಟು ರೇಟಾ? ನಿನ್ನ ಮುಖ ಕೆಂಪಾದ್ರೆ ಮೀನಿನ ರೇಟೂ ಏರ್ಬೇಕಾ?” ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವಿ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ದನಿ ಏರಿಸಿದಳು. “ಬೇಕಾದ್ರೆ ತಕಳಿ ಅಮ್ಮ. ಬೇಡ್ದಿದ್ರೆ ಕಡಲಿಗೆ ಹೋಗಿ ನೀವೇ ಹಿಡ್ಕಂಡು ಬನ್ನಿ!”

ಮುದುಕಿ ಸಿಟ್ಟಾಗಿ ಹೊರಟಳು, ಮತ್ತೆ ಬಂದಳು, ಮತ್ತೆ ಹೊರಟಳು. ಕೊನೆಗೆ ಚೀಲ ಬಿಡಿಸಿ ಹಿಡಿದಳು. ಅವ್ವಿ ಕೈಯಾರೆ ಮೀನು ಹಾಕಿದಳು.

ಮನೆಗೆ ಬರುವ ದಾರಿಯಲ್ಲಿ ಅವ್ವಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಉರಿ ಜಾಸ್ತಿಯಾಯಿತೇನೋ ಎಂದು ಹೆದರಿ, “ಎಂತ ಆತು ಅವ್ವಿ?” ಎಂದೆ.

“ಎಂತ ಇಲ್ಲ,” ಎಂದಳು. “ನನ್ ಹತ್ರ ಚೌಕಾಶಿ ಮಾಡಿದ್ರು ಮಾರಾಯ್ತಿ.”