ಆಚಾರ್ರ ಬುಗುರಿ

ತಲ್ಲೂರಿನಲ್ಲಿ ನಮ್ಮ ಪಕ್ಕದ ಮನೆಯವರು ದೋಣಿ ಕಟ್ಟುವ ಆಚಾರ್ರು. ದಿನವೂ ಕೆಲಸಕ್ಕೆ ಹೊರಟವರು ನಮ್ಮ ಜಗಲಿಯಲ್ಲಿ ಉಳಿಗಳ ಚೀಲ ಇಳಿಸಿ, ತಾವೇ ಮಾಡಿದ ಬುಗುರಿಯೊಂದನ್ನು ಹಳೆಯ ಕನ್ನಡಿಯ ಮೇಲೆ ಎರಡು ಬೆರಳಲ್ಲಿ ತಿರುಗಿಸುತ್ತಿದ್ದರು. ಎಷ್ಟು ಹೊತ್ತು ತಿರುಗಿತೆಂದು ವಾಚು ನೋಡಿ ಹೇಳುವ ಕೆಲಸ ನನ್ನದು.

ಎರಡು ನಿಮಿಷ ತಿರುಗುತ್ತಿದ್ದದ್ದು ಆ ವರ್ಷ ಒಂದೂವರೆಗೆ ಇಳಿಯಿತು, ಮತ್ತೆ ಒಂದಕ್ಕೆ.

"ಮರ ಸಮ ಇಲ್ಲೆ, ಟೀಚ್ರೆ," ಎನ್ನುತ್ತಿದ್ದರು.

ಹಲಸು ಬಿಟ್ಟು ಬೀಟೆ ಹಿಡಿದರು. ಅಂಚಿಗೆ ಭಾರ ಕೊಟ್ಟರು. ಹಿತ್ತಾಳೆ ಮೊಳೆಯ ತುದಿಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದರು. ಆದರೆ ಬುಗುರಿ ಬಿಡುವಾಗ ಅವರ ಬೆರಳು ನಡುಗುವುದನ್ನು ನಾನು ಕಂಡಿದ್ದೆ. ದೋಣಿಯ ಹಲಗೆಗಳನ್ನು ನೀರು ನುಸುಳದಂತೆ ಕೂಡಿಸಬೇಕಾದ ಬೆರಳುಗಳವು. ಅದನ್ನು ಹೇಳುವ ಬದಲು ಹತ್ತು ಸೆಕೆಂಡು ಸೇರಿಸಿ ಹೇಳತೊಡಗಿದೆ, ಆಮೇಲೆ ಇಪ್ಪತ್ತು.

ಒಂದು ಬೆಳಿಗ್ಗೆ ಹೊಸ ಬುಗುರಿಯನ್ನು ನನ್ನ ಕೈಗಿಟ್ಟರು. "ಇವತ್ ನೀವ್ ತಿರ್ಗ್ಸಿ ಕಾಂಬ. ವಾಚ್ ನಾ ಕಾಂತೆ."

ವಾಚನ್ನು ಅವರ ಕೈಗೆ ಕೊಟ್ಟೆ. ಬೇಗ ಬೀಳಲೆಂದು ಬೇಕೆಂದೇ ಮೆಲ್ಲಗೆ ತಿರುಗಿಸಿದೆ. ಆದರೂ ಅದು ನೆಟ್ಟಗೆ ನಿಂತು, ಸದ್ದೇ ಇಲ್ಲದೆ ತಿರುಗಿತು. ಬೀಳು, ಬೀಳು ಎಂದು ಒಳಗೇ ಬೇಡಿಕೊಂಡೆ. ಒಂದು ನಿಮಿಷ ಕಳೆಯಿತು, ಎರಡೂ ಕಳೆಯಿತು.

ಆಚಾರ್ರು ವಾಚನ್ನು ಕೆಳಗಿಟ್ಟು, ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ಮರ ಸಮ ಇತ್ತ್, ಟೀಚ್ರೆ," ಎಂದರು.

ಬುಗುರಿ ಇನ್ನೂ ತಿರುಗುತ್ತಿತ್ತು. ಅವರು ಉಳಿಗಳ ಚೀಲವನ್ನು ನಮ್ಮ ಜಗಲಿಯಲ್ಲೇ ಬಿಟ್ಟು, ಬಂದ ದಾರಿಯಲ್ಲೇ ಮನೆಗೆ ನಡೆದರು.